ಮುಚ್ಚಿದ ಲಕೋಟೆಯ ಕಥೆ: ಅಮೆರಿಕದ ರಾಜ್ಯಗಳು, ಊರುಗಳು ಮತ್ತು ಸರ್ಕಾರಿ ಖರೀದಿ

ನಮ್ಮ ಕೂಟದ ದೀಪಾವಳಿ ಊಟದ ಸಾಲಿನಲ್ಲಿ ಹೊಸಬರು ಯಾರಾದರೂ ಪಕ್ಕದಲ್ಲಿ ಕೂತರೆ ಎರಡನೆಯ ಪ್ರಶ್ನೆ ಸಾಮಾನ್ಯವಾಗಿ "ಯಾವ ಕಂಪನಿ ಸಾರ್?" ಎಂದಿರುತ್ತದೆ. ಕಂಪನಿಯಲ್ಲ, ನ್ಯೂಜೆರ್ಸಿಯ ಒಂದು ಟೌನ್‌ಶಿಪ್ಪಿನ ಖರೀದಿ ವಿಭಾಗದಲ್ಲಿ ಕೆಲಸ ಎಂದರೆ ಅವರ ಮುಖದಲ್ಲಿ ಸಣ್ಣ ಗೊಂದಲ ಕಾಣುತ್ತದೆ. ಒಮ್ಮೆ ಒಬ್ಬ ಹುಡುಗ ನಗುತ್ತಾ, "ಅಂದ್ರೆ ಊರಿಗೆ ಉಪ್ಪು ಮುಗಿದ್ರೆ ನೀವೇ ತರ್ಬೇಕಾ ಸಾರ್?" ಎಂದು ಕೇಳಿದ. ತಮಾಷೆಗೆ ಕೇಳಿದ್ದು, ಆದರೆ ಉತ್ತರ ಹೌದು. ಚಳಿಗಾಲದಲ್ಲಿ ಹಿಮ ಬಿದ್ದಾಗ ರಸ್ತೆಗೆ ಸುರಿಯುವ ಉಪ್ಪನ್ನು ಟನ್ನುಗಟ್ಟಲೆ ಕೊಳ್ಳುವುದು ನಮ್ಮ ವಿಭಾಗವೇ. ಪೊಲೀಸರ ಕಾರು, ಅಗ್ನಿಶಾಮಕ ದಳದ ಕೊಳವೆ, ಗ್ರಂಥಾಲಯದ ಕುರ್ಚಿ, ಕಸ ಎತ್ತುವ ಗುತ್ತಿಗೆ, ಎಲ್ಲವೂ ನಮ್ಮ ಮೇಜನ್ನು ದಾಟಿಯೇ ಹೋಗಬೇಕು.

ಅಮೆರಿಕದಲ್ಲಿ 50 ರಾಜ್ಯ ಸರ್ಕಾರಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಅವುಗಳ ಕೆಳಗೆ ಕೌಂಟಿ, ನಗರ, ಟೌನ್‌ಶಿಪ್, ಶಾಲಾ ಜಿಲ್ಲೆ, ನೀರಿನ ಪ್ರಾಧಿಕಾರ ಎಂದು 90 ಸಾವಿರಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳಿವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ನಮ್ಮ ಪುಟ್ಟ ನ್ಯೂಜೆರ್ಸಿಯಲ್ಲೇ 21 ಕೌಂಟಿಗಳು, 564 ಪುರಸಭೆಗಳು. ಇವುಗಳಲ್ಲಿ ಪ್ರತಿಯೊಂದೂ ತೆರಿಗೆಯ ಹಣದಿಂದ ಏನನ್ನಾದರೂ ಕೊಳ್ಳುತ್ತಲೇ ಇರುತ್ತದೆ. ಯಾರಿಂದ ಕೊಳ್ಳಬೇಕು, ಎಷ್ಟಕ್ಕೆ, ಯಾರ ಎದುರಿಗೆ ಎಂಬ ನಿಯಮಗಳು ಹೇಗೆ ಹುಟ್ಟಿದವು ಎಂದು ತಿಳಿಯುವ ಆಸೆ ನನಗೆ ಬಂದದ್ದು ಕೆಲಸಕ್ಕೆ ಸೇರಿ ಬಹಳ ವರ್ಷಗಳ ಮೇಲೆ, ಒಬ್ಬ ಸ್ನೇಹಿತರನ್ನು ಕಳೆದುಕೊಂಡ ನಂತರ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನ್ಯೂಯಾರ್ಕಿಗೆ ಹೋಗೋಣ.

ಮ್ಯಾನ್‌ಹಟನ್ನಿನ ಚೇಂಬರ್ಸ್ ಬೀದಿಯಲ್ಲಿ, ಸಿಟಿ ಹಾಲಿನ ಬೆನ್ನಿಗೆ, 52ನೆಯ ಸಂಖ್ಯೆಯ ಒಂದು ಬಿಳಿ ಕಟ್ಟಡವಿದೆ. 2002ರಿಂದ ಅಲ್ಲಿ ನಗರದ ಶಿಕ್ಷಣ ಇಲಾಖೆ ಇದೆ. ಆದರೆ ಜನ ಅದನ್ನು ಇವತ್ತಿಗೂ ಕರೆಯುವುದು ಟ್ವೀಡ್ ಕೋರ್ಟ್‌ಹೌಸ್ ಎಂದೇ. ಒಬ್ಬ ಕಳ್ಳನ ಹೆಸರನ್ನು ಹೀಗೆ ಹೊತ್ತು ನಿಂತ ಸರ್ಕಾರಿ ಕಟ್ಟಡ ಬೇರೆಲ್ಲಾದರೂ ಇದೆಯೋ ಇಲ್ಲವೋ. ಒಳಗೆ ಹೋಗಿ ನೋಡಿದರೆ ಎಂಟು ಮೂಲೆಯ ದೊಡ್ಡ ಗೋಪುರದ ಅಂಗಳ, ಎರಕದ ಕಬ್ಬಿಣದ ಮೆಟ್ಟಿಲು, ಮೇಲೆ ಗಾಜಿನ ಚಾವಣಿ. ನಿಜಕ್ಕೂ ಚೆಂದದ ಕಟ್ಟಡ. ಅದಕ್ಕೆ ಮೊದಲು ಗೊತ್ತುಮಾಡಿದ್ದ ಹಣ 2,50,000 ಡಾಲರ್. 1861ರಲ್ಲಿ ಕೆಲಸ ಶುರುವಾಗಿ 1881ರಲ್ಲಿ ಮುಗಿಯುವ ಹೊತ್ತಿಗೆ ಖರ್ಚು ಒಂದು ಕೋಟಿ ಡಾಲರನ್ನು ದಾಟಿತ್ತು. 1867ರಲ್ಲಿ ಅಮೆರಿಕ ಇಡೀ ಅಲಾಸ್ಕಾವನ್ನು ರಷ್ಯಾದಿಂದ ಕೊಂಡದ್ದು 72 ಲಕ್ಷ ಡಾಲರಿಗೆ ಎಂದು ನೆನಪಿಟ್ಟುಕೊಂಡರೆ ಲೆಕ್ಕ ಅರ್ಥವಾಗುತ್ತದೆ.

ವಿಲಿಯಂ ಟ್ವೀಡ್ ನ್ಯೂಯಾರ್ಕಿನ ಟಾಮನಿ ಹಾಲ್ ಎಂಬ ರಾಜಕೀಯ ಕೂಟದ ಯಜಮಾನ, ಕೌಂಟಿಯ ಮೇಲ್ವಿಚಾರಕ ಮಂಡಳಿಯ ಸದಸ್ಯ. ಅವನ ಗುಂಪು ಕದಿಯುತ್ತಿದ್ದ ವಿಧಾನ ಬಹಳ ಸರಳ. ಗುತ್ತಿಗೆದಾರ ಕೆಲಸ ಮಾಡಿ ಬಿಲ್ಲು ತರುತ್ತಿದ್ದ. "ಇದನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡು ಬಾ" ಎಂದು ಕಳಿಸುತ್ತಿದ್ದರು. ಹಿಗ್ಗಿದ ಬಿಲ್ಲು ಪಾಸಾಗುತ್ತಿತ್ತು, ಹಿಗ್ಗಿದ ಭಾಗ ಗುಂಪಿಗೆ ಹಿಂದಿರುಗುತ್ತಿತ್ತು. ಕೊನೆಕೊನೆಗೆ ಬಿಲ್ಲಿನ ಅರ್ಧಕ್ಕಿಂತ ಹೆಚ್ಚು ಪಾಲು ಗುಂಪಿಗೇ ಹೋಗುತ್ತಿತ್ತು. ಆಂಡ್ರ್ಯೂ ಗಾರ್ವಿ ಎಂಬ ಗಾರೆ ಕೆಲಸದವನಿಗೆ ಎರಡು ದಿನದ ಕೆಲಸಕ್ಕೆಂದು 1,33,187 ಡಾಲರ್ ಸಂದಾಯವಾಗಿತ್ತು. ಪತ್ರಿಕೆಗಳು ಅವನಿಗೆ ಗಾರೆಯವರ ರಾಜಕುಮಾರ ಎಂಬ ಬಿರುದನ್ನೇ ಕೊಟ್ಟವು.

ಈ ಕಥೆಯಲ್ಲಿ ನನ್ನಂಥ ಗುಮಾಸ್ತೆಯ ಕಣ್ಣಿಗೆ ಬೀಳುವ ವಿಷಯ ಬೇರೆ. ಟೆಂಡರು ಕರೆಯಬೇಕು, ಕಡಿಮೆ ದರದವರಿಗೆ ಕೊಡಬೇಕು ಎಂಬ ಮಾತು ಟ್ವೀಡನಿಗಿಂತ ಹಳೆಯದು. ಕೇಂದ್ರ ಸರ್ಕಾರದ ಖರೀದಿಗೆ ಜಾಹೀರಾತು ಕೊಡಬೇಕೆಂಬ ಕಾನೂನು 1809ರಲ್ಲೇ ಬಂದಿತ್ತು. ನ್ಯೂಯಾರ್ಕಿನಲ್ಲೂ ನಿಯಮಗಳಿಗೆ ಕೊರತೆ ಇರಲಿಲ್ಲ. 1870ರ ಹೊಸ ಸನ್ನದಿನ ವೇಳೆಯಲ್ಲಿ ಕೌಂಟಿಯ ಬಾಕಿ ಬಿಲ್ಲುಗಳನ್ನು ಪರಿಶೀಲಿಸಲು ಒಂದು ತಪಾಸಣಾ ಮಂಡಳಿಯನ್ನೇ ಮಾಡಿದರು. ಅದರಲ್ಲಿ ಮೂವರು: ಮೇಯರ್ ಓಕಿ ಹಾಲ್, ಖಜಾನೆ ನೋಡುವ ರಿಚರ್ಡ್ ಕಾನಲಿ, ಮತ್ತು ಟ್ವೀಡ್. ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಿಕ್ಕಿಬಿದ್ದದ್ದು ಹೇಗೆ? 1871ರ ಜನವರಿಯಲ್ಲಿ ಕೌಂಟಿಯ ಲೆಕ್ಕಿಗ ಜೇಮ್ಸ್ ವಾಟ್ಸನ್ ಹಿಮದ ಮೇಲೆ ಓಡಿಸುವ ಕುದುರೆ ಬಂಡಿಯ ಅಪಘಾತದಲ್ಲಿ ಸತ್ತ. ಗುಂಪಿನ ಲೆಕ್ಕವೆಲ್ಲ ಅವನ ಕೈಯಲ್ಲಿತ್ತು. ಸ್ಥಾನ ಪಲ್ಲಟಗಳಲ್ಲಿ ಮ್ಯಾಥ್ಯೂ ಓರೂರ್ಕ್ ಎಂಬವನು ಪುಸ್ತಕ ಬರೆಯುವ ಕೆಲಸಕ್ಕೆ ಬಂದ. ಅವನು ಅಂಕಿಗಳನ್ನು ನೋಡಿ, ನಕಲು ಮಾಡಿಕೊಂಡ. ಟ್ವೀಡನ ಮೇಲೆ ಮುನಿಸಿಕೊಂಡಿದ್ದ ಜೇಮ್ಸ್ ಓಬ್ರಿಯನ್ ಎಂಬ ಮಾಜಿ ಶೆರಿಫ್‌ನಿಂದಲೂ ಲೆಕ್ಕದ ಪ್ರತಿಗಳು ಹೊರಬಿದ್ದವು. ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ್ನು ಸಾಲುಸಾಲಾಗಿ ಅಚ್ಚು ಹಾಕಿತು. ಹಾರ್ಪರ್ಸ್ ವೀಕ್ಲಿಯಲ್ಲಿ ಥಾಮಸ್ ನಾಸ್ಟ್ ಬರೆದ ವ್ಯಂಗ್ಯಚಿತ್ರಗಳು ಓದು ಬಾರದವರಿಗೂ ವಿಷಯ ಮುಟ್ಟಿಸಿದವು. 1873ರಲ್ಲಿ ಟ್ವೀಡನ ವಿಚಾರಣೆ ನಡೆದದ್ದು ಇನ್ನೂ ಪೂರ್ತಿಯಾಗಿರದ ಆ ನ್ಯಾಯಾಲಯದ ಕಟ್ಟಡದೊಳಗೇ. ಮುಂದೆ ಅವನು ತಪ್ಪಿಸಿಕೊಂಡು ಸ್ಪೇನಿನವರೆಗೆ ಹೋದ, ಅಲ್ಲಿ ನಾಸ್ಟನ ಚಿತ್ರ ನೋಡಿಯೇ ಗುರುತು ಹಿಡಿದರು ಎನ್ನುತ್ತಾರೆ. 1878ರ ಏಪ್ರಿಲಿನಲ್ಲಿ ಸೆರೆಮನೆಯಲ್ಲೇ ತೀರಿಕೊಂಡ.

ಎಲ್ಲವೂ ಹೊರಬಂದದ್ದು ಒಬ್ಬ ಗುಮಾಸ್ತೆ ಕಡತ ನೋಡಿದ್ದರಿಂದ. ನಿಯಮ ಇದ್ದರೂ ಕಾಗದವನ್ನು ನೋಡುವ ಕಣ್ಣುಗಳು ಹೊರಗಿನವರದ್ದು ಆಗಿರಲಿಲ್ಲ. ಆ ಕಾಲದಿಂದ ಮುಂದಕ್ಕೆ ಅಮೆರಿಕದ ಊರುಗಳ ಖರೀದಿ ಕಾನೂನುಗಳನ್ನು ಓದಿದರೆ ಒಂದು ಹಟ ಕಾಣುತ್ತದೆ: ಲಕೋಟೆಯನ್ನು ಮುಚ್ಚಿ ತರಬೇಕು, ಎಲ್ಲರೆದುರು ಒಡೆಯಬೇಕು, ದರವನ್ನು ಗಟ್ಟಿಯಾಗಿ ಓದಬೇಕು.

ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಸುಧಾರಕರ ಇನ್ನೊಂದು ಗುಂಪು ಬಂತು. ಇವರಿಗೆ ಕಳ್ಳತನದಷ್ಟೇ ಸಿಟ್ಟು ತರಿಸಿದ್ದು ಅಸಡ್ಡೆ. 1907ರಲ್ಲಿ ನ್ಯೂಯಾರ್ಕಿನಲ್ಲಿ ಪುರಸಭಾ ಸಂಶೋಧನಾ ಬ್ಯೂರೋ ಹುಟ್ಟಿತು. 1913ರ ಪ್ರವಾಹದಲ್ಲಿ ನಲುಗಿದ ಓಹಾಯೋದ ಡೇಟನ್ ನಗರ, ರಾಜಕಾರಣಿಗಳ ಬದಲು ಸಂಬಳಕ್ಕೆ ನೇಮಿಸಿದ ಮ್ಯಾನೇಜರನ ಕೈಗೆ ಆಡಳಿತ ಕೊಟ್ಟಿತು. ಪ್ರತಿ ಇಲಾಖೆಯೂ ತನಗೆ ಬೇಕಾದ್ದನ್ನು ತನಗೆ ಬೇಕಾದ ಅಂಗಡಿಯಿಂದ ಕೊಳ್ಳುವುದನ್ನು ನಿಲ್ಲಿಸಿ, ಊರಿಗೆಲ್ಲ ಒಂದೇ ಖರೀದಿ ಕಚೇರಿ ಇರಬೇಕು ಎಂಬ ವಿಚಾರ ಈ ಸುಧಾರಕರ ನೆಚ್ಚಿನದು. 1944ರಲ್ಲಿ ಸರ್ಕಾರಿ ಖರೀದಿದಾರರದ್ದೇ ಆದ ರಾಷ್ಟ್ರೀಯ ಸಂಸ್ಥೆ, 1947ರಲ್ಲಿ ರಾಜ್ಯಗಳ ಖರೀದಿ ಅಧಿಕಾರಿಗಳ ಸಂಘ ಸ್ಥಾಪನೆಯಾದವು. 1979ರಲ್ಲಿ ಅಮೆರಿಕದ ವಕೀಲರ ಸಂಘ ರಾಜ್ಯಗಳಿಗೂ ಊರುಗಳಿಗೂ ಒಂದು ಮಾದರಿ ಖರೀದಿ ಸಂಹಿತೆಯನ್ನು ಬರೆದುಕೊಟ್ಟಿತು. ಅನೇಕ ರಾಜ್ಯಗಳು ಅದನ್ನು ಪೂರ್ತಿಯಾಗಿಯೋ ಅಲ್ಲಲ್ಲಿ ಕತ್ತರಿಸಿಯೋ ತಮ್ಮದಾಗಿಸಿಕೊಂಡವು. ಈ ಭಾಗದ ಇತಿಹಾಸ ಸಭೆ, ಸಮಿತಿ, ವರದಿಗಳದ್ದು. ಓದಲು ಅಂಥ ರುಚಿಯಿಲ್ಲ, ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

ನಮ್ಮ ನ್ಯೂಜೆರ್ಸಿಯ ಸ್ಥಳೀಯ ಗುತ್ತಿಗೆ ಕಾನೂನು 1971ರದ್ದು. ಅದರ ಪ್ರಕಾರ ಒಂದು ಮಿತಿಗಿಂತ ಹೆಚ್ಚಿನ ಖರೀದಿಗೆ ಪ್ರಕಟಣೆ ಕೊಟ್ಟು ಮುಚ್ಚಿದ ಬಿಡ್ ಕರೆಯಲೇಬೇಕು. ಪರೀಕ್ಷೆ ಪಾಸು ಮಾಡಿದ ಖರೀದಿ ಅಧಿಕಾರಿ ಇರುವ ಊರಿಗೆ ಈ ಮಿತಿ 2020ರಲ್ಲಿ 44,000 ಡಾಲರ್ ಆಯಿತು. ಅದಕ್ಕಿಂತ ಕೆಳಗಿನ ದೊಡ್ಡ ಖರೀದಿಗಳಿಗೆ ಅವರಿವರಿಂದ ದರಪಟ್ಟಿ ತರಿಸಿಕೊಂಡರೆ ಸಾಕು. ನಮ್ಮ ಕೂಟದ ಖಜಾಂಚಿಯವರು ಯುಗಾದಿ ಊಟಕ್ಕೆ ಮೂರು ಕಡೆ ದರ ಕೇಳುತ್ತಾರಲ್ಲ, ಹಾಗೆ. (ಅವರು ಕೊನೆಗೆ ಪ್ರತಿ ವರ್ಷವೂ ಒಂದೇ ಕಡೆಯಿಂದ ತರಿಸುತ್ತಾರೆ ಎಂಬುದು ಬೇರೆ ಮಾತು. ಹೋಳಿಗೆ ಚೆನ್ನಾಗಿರುವುದರಿಂದ ನಾನು ಆಕ್ಷೇಪಿಸಿಲ್ಲ.)

ಬಿಡ್ ಯಾರಿಗೆ ಕೊಡಬೇಕು? ಕಾನೂನಿನ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ, ಕಡಿಮೆ ದರ ಹಾಕಿದ ಹೊಣೆಗಾರ ಬಿಡ್‌ದಾರನಿಗೆ. ಜನ ಕಡಿಮೆ ದರ ಎಂಬುದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಜಗಳವೆಲ್ಲ ಹುಟ್ಟುವುದು ಎರಡನೆಯ ಪದದಿಂದ. ಕೆಲಸ ಮಾಡಿ ಮುಗಿಸುವ ಶಕ್ತಿ ಅವನಿಗಿದೆಯೇ, ಅವನು ಕೊಟ್ಟ ಕಾಗದಗಳು ನಾವು ಕೇಳಿದ್ದಕ್ಕೆ ಸರಿಯಾಗಿವೆಯೇ ಎಂಬ ಎರಡೂ ಪರೀಕ್ಷೆ ಆಗಬೇಕು.

ಇಲ್ಲಿ ಒಂದು ಮೊಕದ್ದಮೆಯನ್ನು ಹೇಳಬೇಕು. ನ್ಯೂಜೆರ್ಸಿಯ ಕಡಲ ಕಡೆಯ ಐಲ್ಯಾಂಡ್ ಹೈಟ್ಸ್ ಎಂಬ ಚಿಕ್ಕ ಊರು ಕಸ ಎತ್ತುವ ಗುತ್ತಿಗೆಗೆ ಬಿಡ್ ಕರೆಯಿತು. ಅತಿ ಕಡಿಮೆ ದರ ಹಾಕಿದ ಕಂಪನಿ ಜಾಮೀನು ಒಪ್ಪಿಗೆ ಪತ್ರವನ್ನು ಇಟ್ಟಿರಲಿಲ್ಲ. ಈ ಪತ್ರ ಎಂದರೆ, ಇವರಿಗೆ ಗುತ್ತಿಗೆ ಸಿಕ್ಕರೆ ಇವರ ಪರವಾಗಿ ನಾವು ಜಾಮೀನು ನಿಲ್ಲುತ್ತೇವೆ ಎಂದು ಜಾಮೀನು ಕಂಪನಿಯೊಂದು ಮುಂಚಿತವಾಗಿ ಬರೆದುಕೊಡುವುದು. ಊರಿನವರು, ಹೋಗಲಿ ಬಿಡು, ದರ ಕಡಿಮೆಯಿದೆ ಎಂದು ಆ ಲೋಪವನ್ನು ಮನ್ನಾ ಮಾಡಿದರು. ಮೆಡೋಬ್ರುಕ್ ಎಂಬ ಇನ್ನೊಂದು ಕಂಪನಿ ಕೋರ್ಟಿಗೆ ಹೋಯಿತು. 1994ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಇದು ಮನ್ನಾ ಮಾಡಬಹುದಾದ ಲೋಪವಲ್ಲ ಎಂದಿತು. ಕಾರಣ ಯೋಚಿಸಿದರೆ ಸರಿಯೆನಿಸುತ್ತದೆ. ಆ ಪತ್ರವಿಲ್ಲದೆ ಬಿಡ್ ಹಾಕಿದವನಿಗೆ ಲಕೋಟೆ ಒಡೆದ ಮೇಲೆ, ಉಳಿದವರ ದರ ನೋಡಿ, ಬೇಕಿದ್ದರೆ ಪತ್ರ ತರುವ, ಬೇಡದಿದ್ದರೆ ಜಾರಿಕೊಳ್ಳುವ ಅವಕಾಶ ಸಿಗುತ್ತದೆ. ಉಳಿದವರಿಗೆ ಆ ಅವಕಾಶವಿಲ್ಲ. 1999ರ ತಿದ್ದುಪಡಿಯಲ್ಲಿ ಶಾಸನಸಭೆಯೇ ಒಂದು ಪಟ್ಟಿ ಮಾಡಿತು: ಬಿಡ್ ದಾಖಲೆಯಲ್ಲಿ ಕೇಳಿದ್ದರೆ ಈ ಕೆಲವು ಕಾಗದಗಳು ಲಕೋಟೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಬಿಡ್ ತಿರಸ್ಕೃತ. ಅಧಿಕಾರಿಗೆ ದಯೆ ತೋರಿಸುವ ಅಧಿಕಾರವೇ ಇಲ್ಲ.

ಈಗ ನನ್ನ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಟೌನ್‌ಶಿಪ್ಪಿನ ಕಟ್ಟಡಗಳಿಗೆ ಕಂಪ್ಯೂಟರ್ ಕೇಬಲ್ ಎಳೆಯುವ ಕೆಲಸಕ್ಕೆ ಬಿಡ್ ಕರೆದೆವು. ಬಂದ ಐದು ಲಕೋಟೆಗಳಲ್ಲಿ ಒಂದು ನನಗೆ ಚೆನ್ನಾಗಿ ಪರಿಚಯವಿದ್ದ ಕನ್ನಡಿಗರೊಬ್ಬರದ್ದು. ಅವರ ಮಗಳೂ ನನ್ನ ಮಗಳೂ ಒಟ್ಟಿಗೆ ಭರತನಾಟ್ಯ ಕಲಿತವರು. ಪರಿಚಯವಿದೆ ಎಂದು ನಾನು ಮೊದಲೇ ಬರವಣಿಗೆಯಲ್ಲಿ ನಮ್ಮ ವಕೀಲರಿಗೆ ತಿಳಿಸಿದ್ದೆ. ಮಂಗಳವಾರ ಬೆಳಿಗ್ಗೆ 11ಕ್ಕೆ ಸರಿಯಾಗಿ ಲಕೋಟೆ ಒಡೆದೆವು. ಅವರದ್ದೇ ಅತಿ ಕಡಿಮೆ ದರ, ಎರಡನೆಯವರಿಗಿಂತ 11,400 ಡಾಲರ್ ಕಡಿಮೆ. ಅವರು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಮುಗುಳ್ನಕ್ಕರು. ನಾನು ಹಾಳೆಗಳನ್ನು ತಿರುವುತ್ತಾ ಹೋದೆ. ಜಾಮೀನು ಒಪ್ಪಿಗೆ ಪತ್ರ ಇರಲಿಲ್ಲ. ಇನ್ನೊಮ್ಮೆ ತಿರುವಿದೆ. ಇರಲಿಲ್ಲ. "ಇಲ್ಲ" ಎಂದು ಗಟ್ಟಿಯಾಗಿ ಓದಿದೆ, ಪಕ್ಕದಲ್ಲಿದ್ದ ಕ್ಲರ್ಕ್ ಬರೆದುಕೊಂಡಳು.

ಅಂದು ಸಂಜೆ ಅವರು ಫೋನ್ ಮಾಡಿದರು. "ರಾಯರೇ, ಅದು ಆಫೀಸಿನ ಟೇಬಲ್ ಮೇಲೇ ಇದೆ. ತಾರೀಖು ಹಳೇದೇ ಇದೆ, ಬೇಕಾದ್ರೆ ನೋಡಿ. ನಾಳೆ ಬೆಳಿಗ್ಗೆ ತಂದ್ಕೊಡ್ಲಾ?" ಆಗುವುದಿಲ್ಲ ಎಂದೆ. "ಊರಿಗೆ ಹನ್ನೊಂದು ಸಾವಿರ ಉಳಿಯುತ್ತೆ, ನಿಮ್ಮ ಕೈಯಿಂದ ಏನು ಹೋಗುತ್ತೆ?" ಎಂದರು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ, ಕಾನೂನಿನ ಕಲಮಿನ ಸಂಖ್ಯೆ ಹೇಳಿದೆ. ಅವರು ಫೋನ್ ಇಟ್ಟರು. ಆಮೇಲೆ ಎರಡು ವರ್ಷ ಕೂಟದ ಕಾರ್ಯಕ್ರಮಗಳಲ್ಲಿ ನಾವು ಒಬ್ಬರನ್ನೊಬ್ಬರು ನೋಡದ ಹಾಗೆ ಓಡಾಡಿದೆವು. ಟೌನ್‌ಶಿಪ್ 11,400 ಡಾಲರ್ ಹೆಚ್ಚು ಕೊಟ್ಟು ಎರಡನೆಯವರಿಂದ ಕೆಲಸ ಮಾಡಿಸಿತು. ತೆರಿಗೆ ಕಟ್ಟುವವರಲ್ಲಿ ನಾನೂ ಒಬ್ಬ, ಅವರೂ ಒಬ್ಬರು.

ನನಗೆ ಆ ರಾತ್ರಿ ನಿದ್ದೆ ಬಾರದಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಅಪ್ಪ ಹಾಸನ ಜಿಲ್ಲೆಯಲ್ಲಿ ಸಣ್ಣ ಕಂಟ್ರಾಕ್ಟರು. ಮೋರಿ, ಶಾಲೆಯ ಕೊಠಡಿ, ಕಾಂಪೌಂಡು ಗೋಡೆ ಇಂಥವು ಅವರ ಕೆಲಸ. 1983ರಲ್ಲಿ ಎರಡು ಕೊಠಡಿಯ ಶಾಲಾ ಕಟ್ಟಡವೊಂದಕ್ಕೆ ಟೆಂಡರು ಹಾಕಿದ್ದರು. ಇ.ಎಂ.ಡಿ. ಎನ್ನುವ ಮುಂಗಡ ಠೇವಣಿಯನ್ನು ಖಜಾನೆಗೆ ಕಟ್ಟಿ ಚಲನನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಪೆಟ್ಟಿಗೆಗೆ ಹಾಕಿ ಬಂದರು. ಅರಗು ಕಾಯಿಸಲು ಮೋಂಬತ್ತಿ ಹಿಡಿದು ನಿಂತಿದ್ದವನು ನಾನೇ. ಮೂರು ದಿನದ ನಂತರ ಕಚೇರಿಯಿಂದ ತಿಳಿದುಬಂದದ್ದು: ಲಕೋಟೆಯಲ್ಲಿ ಚಲನ್ ಇರಲಿಲ್ಲ, ಟೆಂಡರು ತಿರಸ್ಕೃತ. ತೆರೆದದ್ದು ಯಾವಾಗ, ಯಾರ ಎದುರಿಗೆ ಎಂದು ಅಪ್ಪ ಕೇಳಿದರು. ಯಾರೂ ಹೇಳಲಿಲ್ಲ. ಕಟ್ಟಿದ ಠೇವಣಿ ವಾಪಸು ಪಡೆಯಲು ಚಲನ್ ಬೇಕೆಂದು ಹೇಳಿ ವರ್ಷಕ್ಕೂ ಮೇಲೆ ಅಲೆದಾಡಿಸಿದರು. ಅಪ್ಪ ಚಲನ್ ಇಡಲು ಮರೆತರೋ, ಯಾರಾದರೂ ತೆಗೆದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಸಾಯುವವರೆಗೂ ಇಟ್ಟಿದ್ದೆ ಎಂದೇ ಹೇಳುತ್ತಿದ್ದರು. ಅಮ್ಮ ಮಾತ್ರ ಒಮ್ಮೊಮ್ಮೆ, "ಮರ್ತಿರ್ಬೇಕು ಬಿಡಿ, ಆವತ್ತು ನಿಮಗೆ ಜ್ವರ ಇತ್ತು" ಎನ್ನುತ್ತಿದ್ದರು.

ಕಾಗದವೊಂದು ಇಲ್ಲ ಎಂಬ ಕಾರಣಕ್ಕೇ ಅಪ್ಪನೂ ಸೋತರು, ನನ್ನ ಸ್ನೇಹಿತರೂ ಸೋತರು. ನನ್ನ ಸ್ನೇಹಿತರು ಕಣ್ಣಾರೆ ನೋಡಿ ಸೋತರು. ಅಪ್ಪನಿಗೆ ಅಷ್ಟೂ ಸಿಗಲಿಲ್ಲ.

ಆಗಿನ ಕರ್ನಾಟಕದಲ್ಲಿ ಟೆಂಡರು ಪದ್ಧತಿ ಇರಲಿಲ್ಲವೆಂದಲ್ಲ. ಲೋಕೋಪಯೋಗಿ ಇಲಾಖೆಯ ನಿಯಮ ಪುಸ್ತಕಗಳು, ಎಸ್.ಆರ್. ಎಂದು ಕರೆಯುವ ದರಪಟ್ಟಿ, ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕ, ಎಲ್ಲವೂ ಇದ್ದವು. ಎಸ್.ಆರ್.ಗಿಂತ ಶೇಕಡಾ ಇಷ್ಟು ಮೇಲೆ, ಇಷ್ಟು ಕೆಳಗೆ ಎಂದು ದರ ಹಾಕುವುದನ್ನು ನಾನು ಮಗ್ಗಿಯ ಜೊತೆಗೇ ಕಲಿತವನು. ಆದರೆ ಅವು ಬಹುಮಟ್ಟಿಗೆ ಇಲಾಖೆಯ ಒಳಗಿನ ನಿಯಮಗಳು. ಮುರಿದರೆ ಸಣ್ಣ ಕಂಟ್ರಾಕ್ಟರನಿಗೆ ಹೋಗಿ ಕೇಳಲು ಸುಲಭದ ಜಾಗವಿರಲಿಲ್ಲ. ಹೈಕೋರ್ಟಿನ ರಿಟ್ ಅರ್ಜಿ ಇತ್ತು, ಎರಡು ಕೊಠಡಿಯ ಶಾಲೆಗಾಗಿ ಬೆಂಗಳೂರಿಗೆ ಹೋಗಿ ವಕೀಲರನ್ನು ಹಿಡಿಯುವವರು ಯಾರು?

ಭಾರತದಲ್ಲಿ ಈ ವಿಷಯದ ದೊಡ್ಡ ತೀರ್ಪು ಬಂದದ್ದು 1979ರಲ್ಲಿ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಒಂದು ಎರಡನೆಯ ದರ್ಜೆಯ ರೆಸ್ಟೋರೆಂಟು ಮತ್ತು ಎರಡು ತಿಂಡಿ ಅಂಗಡಿ ನಡೆಸಲು ಟೆಂಡರು ಕರೆದಿದ್ದರು. ಕನಿಷ್ಠ ಐದು ವರ್ಷ ಅನುಭವವಿರುವ ನೋಂದಾಯಿತ ಎರಡನೆಯ ದರ್ಜೆಯ ಹೋಟೆಲಿನವರು ಮಾತ್ರ ಹಾಕಬಹುದು ಎಂದು ಷರತ್ತು. ಗುತ್ತಿಗೆ ಸಿಕ್ಕಿದ್ದು ಆ ಅರ್ಹತೆ ಇಲ್ಲದವರಿಗೆ. ರಮಣ ದಯಾರಾಮ್ ಶೆಟ್ಟಿ ಎಂಬವರು ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪಿನಲ್ಲಿ, ಸರ್ಕಾರ ತಾನೇ ಹಾಕಿದ ಷರತ್ತಿಗೆ ತಾನು ಕಟ್ಟುಬಿದ್ದಿರಬೇಕು, ಮನಬಂದವರಿಗೆ ಹಂಚುವ ಖಾಸಗಿ ಯಜಮಾನನಂತೆ ನಡೆದುಕೊಳ್ಳುವಂತಿಲ್ಲ ಎಂದು ಹೇಳಿದರು. ಆದರೂ ಗುತ್ತಿಗೆಯನ್ನು ರದ್ದು ಮಾಡಲಿಲ್ಲ. ಶೆಟ್ಟರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಎದುರಿನವರು ಹಣ ಹಾಕಿ ಅಂಗಡಿ ಶುರು ಮಾಡಿದ್ದರು. ತತ್ವ ಗೆದ್ದಿತು, ಅರ್ಜಿದಾರ ಸೋತ. ಇವತ್ತಿಗೂ ದೇಶದ ಟೆಂಡರು ಮೊಕದ್ದಮೆಗಳಲ್ಲಿ ವಕೀಲರು ಹೇಳುವ ಮೊದಲ ಹೆಸರುಗಳಲ್ಲಿ ಅದೊಂದು.

ರಾಜ್ಯಗಳ ಪೈಕಿ ತಮಿಳುನಾಡು 1998ರಲ್ಲಿ ಟೆಂಡರು ಪಾರದರ್ಶಕತೆಯ ಕಾನೂನು ಮಾಡಿತು. ಕರ್ನಾಟಕ ಅದರ ಹಿಂದೆಯೇ ಬಂತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದ್ದು. ಕೆ.ಟಿ.ಪಿ.ಪಿ. ಎಂದರೆ ಊರಿನ ಯಾವ ಕಂಟ್ರಾಕ್ಟರನಿಗೂ ಗೊತ್ತು. ನ್ಯೂಜೆರ್ಸಿಯಲ್ಲಿ ಕಡ್ಡಾಯ ಕಾಗದಗಳ ಪಟ್ಟಿ ಕಾನೂನಾದದ್ದೂ ಅದೇ ವರ್ಷ, ಕಾಕತಾಳೀಯ. ಟೆಂಡರು ಬುಲೆಟಿನ್ ಪ್ರಕಟಿಸಬೇಕು, ದರ ಹಾಕಲು ಇಷ್ಟು ದಿನ ಕಾಲಾವಕಾಶ ಕೊಡಬೇಕು, ಒಪ್ಪದಿದ್ದವರು ಮೇಲ್ಮನವಿ ಹೋಗಬಹುದು ಎಂಬ ಮಾತುಗಳು ಮೊದಲ ಬಾರಿಗೆ ಶಾಸನದ ಬಲ ಪಡೆದವು. 2007ರಲ್ಲಿ ರಾಜ್ಯ ಸರ್ಕಾರ ಇ-ಪ್ರೊಕ್ಯೂರ್‌ಮೆಂಟ್ ಶುರು ಮಾಡಿದ ಮೇಲೆ ಅರಗು, ಮೋಂಬತ್ತಿ, ಪೆಟ್ಟಿಗೆ ಕ್ರಮೇಣ ಮಾಯವಾದವು. ಟೆಂಡರು ಪೆಟ್ಟಿಗೆಯ ಬಾಗಿಲಲ್ಲೇ ನಿಂತು ಬೇರೆಯವರನ್ನು ಹೆದರಿಸಿ ಕಳಿಸುವ ಜನರಿಗೂ ಕೆಲಸ ಕಡಿಮೆಯಾಯಿತು ಎಂದು ನನ್ನ ಚಿಕ್ಕಪ್ಪನ ಮಗ ಹೇಳುತ್ತಾನೆ. ಅವನೂ ಕಂಟ್ರಾಕ್ಟರೇ. ಬಿಲ್ಲು ಬರುವುದು ತಡವಾಗುವ ವಿಷಯಕ್ಕೆ ಮಾತ್ರ ಯಾವ ಸಾಫ್ಟ್‌ವೇರೂ ಬಂದಿಲ್ಲ ಎಂದೂ ಸೇರಿಸುತ್ತಾನೆ.

ಆ ಅಧಿನಿಯಮದ 4ನೆಯ ಕಲಮನ್ನು ಓದಿದವರಿಗೆ ಗೊತ್ತು, ಅದು ವಿನಾಯಿತಿಗಳ ಪಟ್ಟಿ. ನೈಸರ್ಗಿಕ ವಿಕೋಪ, ತುರ್ತು ಪರಿಸ್ಥಿತಿ ಎಂದು ಶುರುವಾಗಿ, ಸರ್ಕಾರ ಅಧಿಸೂಚನೆಯಿಂದ ನಿರ್ದಿಷ್ಟ ಖರೀದಿಯನ್ನು ಟೆಂಡರಿನಿಂದ ಹೊರಗಿಡಬಹುದಾದ 4(ಜಿ) ತನಕ ಹೋಗುತ್ತದೆ. ಬಾಗಿಲು ಎಷ್ಟು ಭದ್ರವಿದ್ದರೂ ಕಿಟಕಿ ಎಷ್ಟು ದೊಡ್ಡದಿದೆ ಎಂದು ನೋಡುವುದು ನನ್ನ ಕಸುಬಿನ ಚಾಳಿ. ಅಮೆರಿಕದ ಕಾನೂನುಗಳಲ್ಲೂ ತುರ್ತಿನ ಕಿಟಕಿ ಇದ್ದೇ ಇದೆ. 2020ರ ವಸಂತದಲ್ಲಿ ಅದು ಪೂರ್ತಿ ತೆರೆಯಿತು. ಮುಖಗವುಸು, ವೆಂಟಿಲೇಟರುಗಳಿಗಾಗಿ ರಾಜ್ಯ ರಾಜ್ಯಗಳೇ ಒಬ್ಬರ ಮೇಲೊಬ್ಬರು ದರ ಏರಿಸಿದವು. ಇದು ಈಬೇಯಲ್ಲಿ ಹರಾಜು ಕೂಗಿದಂತಾಯಿತು ಎಂದು ನ್ಯೂಯಾರ್ಕಿನ ಗವರ್ನರ್ ಕ್ಯುವೋಮೋ ರೇಗಿದರು. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಎನ್-95 ಮುಖಗವುಸುಗಳನ್ನು ಚೀನಾದಿಂದ ತರಲು ಪೇಟ್ರಿಯಟ್ಸ್ ಫುಟ್‌ಬಾಲ್ ತಂಡದ ವಿಮಾನವನ್ನು ಬಳಸಿತು. ಏಪ್ರಿಲ್ 2ರಂದು ಅದು ಬಾಸ್ಟನ್ನಿನಲ್ಲಿ ಇಳಿದದ್ದನ್ನು ಟಿ.ವಿ.ಯಲ್ಲಿ ನೋಡಿದ್ದು ನಿಮಗೂ ನೆನಪಿರಬಹುದು. ನಮ್ಮ ಟೌನ್‌ಶಿಪ್ಪಿಗೆ ವಿಮಾನವಿರಲಿಲ್ಲ. ನಾನು ಮೂರು ದಿನ ಫೋನಿನಲ್ಲಿ ಕೂತು, ಹಿಂದೆಂದೂ ಹೆಸರು ಕೇಳಿರದ ಒಬ್ಬ ವ್ಯಾಪಾರಿಯಿಂದ ಕೈಗವುಸು ಕೊಂಡೆ. ಟೆಂಡರಿಲ್ಲ, ಮೂರು ದರಪಟ್ಟಿಯಿಲ್ಲ. ಸಾಮಾನು ಬರುವವರೆಗೆ ಹೊಟ್ಟೆಯಲ್ಲಿ ತಳಮಳ. ಬಂತು, ಪುಣ್ಯಕ್ಕೆ.

ಇನ್ನೊಂದು ಎಳೆಯನ್ನು ಬಿಟ್ಟರೆ ಈ ಇತಿಹಾಸ ಅರ್ಧವಾಗುತ್ತದೆ. ಸರ್ಕಾರ ಕೊಳ್ಳುವಾಗ ಅಗ್ಗದ ದರವೊಂದೇ ನೋಡಬೇಕೆ, ಸಮಾಜದ ಹಳೆಯ ಅನ್ಯಾಯವನ್ನೂ ಸರಿಪಡಿಸಬೇಕೆ? ವರ್ಜೀನಿಯಾದ ರಿಚ್ಮಂಡ್ ನಗರ, ಒಂದು ಕಾಲದಲ್ಲಿ ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ರಾಜ್ಯಗಳ ರಾಜಧಾನಿ. ಅಲ್ಲಿನ ಜನರಲ್ಲಿ ಅರ್ಧದಷ್ಟು ಕಪ್ಪು ಜನ. ನಗರದ ನೇರ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರ ಕಂಪನಿಗಳಿಗೆ ಹೋಗುತ್ತಿದ್ದುದು ಶೇಕಡಾ 1ಕ್ಕಿಂತಲೂ ಕಡಿಮೆ. 1983ರಲ್ಲಿ ನಗರಸಭೆ, ಗುತ್ತಿಗೆ ಪಡೆದವರು ಅದರ ಕನಿಷ್ಠ ಶೇಕಡಾ 30ನ್ನು ಅಲ್ಪಸಂಖ್ಯಾತರ ಕಂಪನಿಗಳಿಗೆ ಉಪಗುತ್ತಿಗೆ ಕೊಡಬೇಕೆಂದು ನಿಯಮ ಮಾಡಿತು. ನಗರದ ಜೈಲಿಗೆ ಶೌಚಾಲಯದ ಸಾಮಾನು ಅಳವಡಿಸುವ ಕೆಲಸದಲ್ಲಿ ಕ್ರೋಸನ್ ಎಂಬ ಕಂಪನಿ ಇದನ್ನು ಪ್ರಶ್ನಿಸಿತು. 1989ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಯಮವನ್ನು ಹೊಡೆದುಹಾಕಿತು. ಈ ಊರಿನ ಕಟ್ಟಡ ಕೆಲಸದಲ್ಲಿ ಇಂಥವರಿಗೆ ಇಂಥ ಅನ್ಯಾಯವಾಗಿದೆ ಎಂಬ ಪುರಾವೆ ಎಲ್ಲಿದೆ ಎಂಬುದು ಕೋರ್ಟಿನ ಪ್ರಶ್ನೆ. ನಗರದ ಪಟ್ಟಿಯಲ್ಲಿ ಎಸ್ಕಿಮೊ, ಅಲ್ಯೂಟ್ ಜನರೂ ಸೇರಿದ್ದರು. ರಿಚ್ಮಂಡಿನಲ್ಲಿ ಅಂಥವರು ಒಬ್ಬರಾದರೂ ಎಂದಾದರೂ ಇದ್ದರೋ ಎಂದು ನ್ಯಾಯಮೂರ್ತಿ ಓಕಾನರ್ ಅನುಮಾನಪಟ್ಟರು. ಆ ಮಾತು ಕೇಳಿ ನಗು ಬರುತ್ತದೆ ನಿಜ, ಆದರೆ ಶೇಕಡಾ 1ಕ್ಕಿಂತ ಕಡಿಮೆ ಎಂಬ ಅಂಕಿಗೆ ಆ ತೀರ್ಪಿನಲ್ಲಿ ತೃಪ್ತಿಕರ ಉತ್ತರ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಕರ್ನಾಟಕ ಅದೇ ಪ್ರಶ್ನೆಗೆ ಬೇರೆ ದಾರಿ ಹಿಡಿಯಿತು. ಕೆ.ಟಿ.ಪಿ.ಪಿ.ಗೆ ತಂದ ತಿದ್ದುಪಡಿಯಲ್ಲಿ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇಕಡಾ 17.15, ಪರಿಶಿಷ್ಟ ಪಂಗಡದವರಿಗೆ ಶೇಕಡಾ 6.95 ಮೀಸಲಿಟ್ಟಿತು. ಮಿತಿಯನ್ನು ಆಮೇಲೆ ಒಂದು ಕೋಟಿಗೆ ಏರಿಸಿದರು. ಅಪ್ಪನ ಕಾಲದ ಕಂಟ್ರಾಕ್ಟರುಗಳ ಪಟ್ಟಿಯಲ್ಲಿ ದಲಿತರ ಹೆಸರು ನನಗೆ ಒಂದೂ ನೆನಪಿಲ್ಲ. ಕಲ್ಲು ಒಡೆಯುವವರು, ಗಾರೆ ಹೊರುವವರು ಮಾತ್ರ ಅವರೇ ಆಗಿದ್ದರು. ಲಕೋಟೆಯನ್ನು ಎಷ್ಟು ಪ್ರಾಮಾಣಿಕವಾಗಿ ಒಡೆದರೂ, ಲಕೋಟೆ ತರುವ ಸ್ಥಿತಿಯಲ್ಲೇ ಇಲ್ಲದವರಿಗೆ ಅದರಿಂದ ಏನೂ ಆಗುವುದಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಜಾಮೀನು ಪತ್ರದ ವಿಷಯಕ್ಕೆ ಮರಳಿದರೆ, ಅಲ್ಲೂ ಇದೇ ಕಥೆ ಇದೆ. ದೊಡ್ಡ ಕಂಪನಿಗೆ ಜಾಮೀನು ಸಿಗುವುದು ಒಂದು ಫೋನ್ ಕರೆಯಲ್ಲಿ. ಮೂರು ಜನ ಕೆಲಸಗಾರರಿರುವ, ಹೊಸದಾಗಿ ಈ ದೇಶಕ್ಕೆ ಬಂದವರ ಕಂಪನಿಗೆ ಅದು ವಾರಗಟ್ಟಲೆ ಓಡಾಟ. ನನ್ನ ಸ್ನೇಹಿತರು ಓಡಾಡಿ ತಂದಿಟ್ಟ ಕಾಗದ ಅದು. ಮೇಜಿನ ಮೇಲೆ ಮರೆತು ಬಂದರು. ನಿಯಮ ಸರಿ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಆ ಫೋನ್ ಕರೆಯಲ್ಲಿ ಕಲಮಿನ ಸಂಖ್ಯೆಯ ಬದಲು ಅಪ್ಪನ ಕಥೆ ಹೇಳಬಹುದಿತ್ತು ಎಂದು ಅನಿಸುವುದುಂಟು. ಈ ಲೇಖನ ಬರೆಯಲು ಒಪ್ಪಿಕೊಂಡದ್ದಕ್ಕೆ ಅದೂ ಒಂದು ಕಾರಣ. ಅಚ್ಚಿಗೆ ಹೋಗುವ ಮುನ್ನ ಅವರಿಗೆ ಓದಲು ಕೊಟ್ಟೆ, ಒಪ್ಪಿಗೆ ಕೊಟ್ಟರು.

ಕಳೆದ ಮಾರ್ಚಿನಲ್ಲಿ ನಮ್ಮ ಗ್ರಂಥಾಲಯದ ಹೊಸ ವಿಭಾಗಕ್ಕೆ ಕೇಬಲ್ ಕೆಲಸದ ಬಿಡ್ ಕರೆದಾಗ ಅವರು ಮತ್ತೆ ಬಂದರು. ಲಕೋಟೆಯನ್ನು ಗಡುವಿಗೆ ಅರ್ಧ ಗಂಟೆ ಮೊದಲೇ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು, ಅದೇ ಹಿಂದಿನ ಸಾಲಿನಲ್ಲಿ ಕೂತರು. ಜಾಮೀನು ಒಪ್ಪಿಗೆ ಪತ್ರ ಇತ್ತು. "ಇದೆ" ಎಂದು ಓದಿದೆ. ದರದಲ್ಲಿ ಅವರು ಮೂರನೆಯವರಾದರು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಆರೂ ಜನರ ದರವನ್ನು ಬರೆದುಕೊಂಡರು, ಹೊರಡುವಾಗ ಬಾಗಿಲಲ್ಲಿ ನಿಂತು, "ಯುಗಾದಿಗೆ ಬರ್ತೀರಲ್ಲ?" ಎಂದು ಕೇಳಿದರು.